ಯಮನಿಗೆ ಮೂರು ಬೆರಳು ಜಾಗ

ದೇವನೂರಿನ ಹಾಲಿನ ಡೇರಿಯ ಕಾರ್ಯದರ್ಶಿ ಶಿವಮಲ್ಲಪ್ಪನ ದನಿ ಎಂಥದ್ದೆಂದರೆ, ಅವನು ಫೋನಿನಲ್ಲಿ ಹಲೋ ಅಂದರೆ ಆ ಕಡೆಯವರು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಮಗಳು ರಮ್ಯ ಕೂಸಾಗಿದ್ದಾಗ ಒಂದೇ ಒಂದು ಸಲ ಲಾಲಿ ಹಾಡಿದ್ದ. ಮಗು ಕಣ್ಣು ಮುಚ್ಚುವ ಬದಲು ಇನ್ನೂ ಅಗಲ ಮಾಡಿಕೊಂಡು ಅಪ್ಪನನ್ನೇ ನೋಡಿತ್ತು. ಅಂದಿನಿಂದ ಹೆಂಡತಿ ಮಲ್ಲಾಜಮ್ಮ ಅವನನ್ನು ತೊಟ್ಟಿಲ ಹತ್ತಿರ ಬಿಟ್ಟಿರಲಿಲ್ಲ. ಆ ದನಿಗೆ ಮರ್ಯಾದೆ ಕೊಡುತ್ತಿದ್ದುದು ಹಸುಗಳು ಮಾತ್ರ. ಊರಿನಲ್ಲಿ ಯಾರ ಮನೆಯ ಹಸು ಒದೆಯುತ್ತಿದ್ದರೂ ಅವನಿಗೆ ಕರೆ ಬರುತ್ತಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎರಡು ಸಾಲು ಗುನುಗಿದರೆ ಸಾಕು, ಹಸು ಕಿವಿ ಜೋಲುಬಿಟ್ಟು ಹಾಲಿಳಿಸುತ್ತಿತ್ತು.

ಹಸುಗಳ ಮೆಚ್ಚುಗೆಯಲ್ಲೇ ತೃಪ್ತಿಪಡುವ ಮನುಷ್ಯನಾಗಿದ್ದರೆ ಅವನ ಬಾಳು ಸಲೀಸಾಗಿ ಸಾಗುತ್ತಿತ್ತು. ಆದರೆ ಶಿವಮಲ್ಲಪ್ಪನಿಗೆ ನಾಟಕದ ಹುಚ್ಚು. ಇಪ್ಪತ್ತೆರಡು ವರ್ಷದಿಂದ ಅವನು ನರಸೀಪುರದ ಕರಿಯಪ್ಪ ಮೇಷ್ಟ್ರ ಮಂಡಳಿಯಲ್ಲಿ ಯಮ. ಮಂಡಳಿಗೆ ಇರುವುದು ಒಂದೇ ನಾಟಕ, ‘ಸಂಗಮ ಮಹಿಮೆ’, ಮೇಷ್ಟ್ರ ತಂದೆ ಬರೆದದ್ದು. ರಾಜ ಸಾಯುತ್ತಾನೆ, ಹೊಳೆಗಳು ಕೂಡುವ ಜಾಗದಲ್ಲಿ ರಾಣಿ ಯಮನನ್ನು ಅಡ್ಡಗಟ್ಟುತ್ತಾಳೆ, ಯಮ ಮನಸ್ಸು ಕರಗಿ ರಾಜನನ್ನು ಬಿಟ್ಟು ಹೋಗುತ್ತಾನೆ. ರಾಜನಿಗೆ ಹದಿನಾಲ್ಕು ಹಾಡು, ರಾಣಿಗೆ ಹನ್ನೊಂದು, ಯಮನಿಗೆ ಒಂದು. ಆ ಒಂದೂ ಹೆಚ್ಚಾಯಿತು ಅನ್ನುವವರಿದ್ದರು.

ಅನ್ನುವವರದೂ ತಪ್ಪಿಲ್ಲ. ನಮ್ಮ ಕಡೆ ನಾಟಕದ ಹಾಡುಗಾರ ಅಂದರೆ ಏರುದನಿಯವನು. ಕತ್ತಿನ ನರ ಉಬ್ಬಬೇಕು, ಹಾಡು ಪಕ್ಕದೂರಿಗೆ ಕೇಳಬೇಕು, ಆಗಲೇ ಒನ್ಸ್ ಮೋರ್. ಮೇಷ್ಟ್ರು ಹಾರ್ಮೋನಿಯಂನಲ್ಲಿ ಹಿಡಿಯುತ್ತಿದ್ದುದೂ ಅಂಥ ಏರು ಶ್ರುತಿಯನ್ನೇ, ಅದೂ ಎಲ್ಲರಿಗೂ ಒಂದೇ. ಹಾಡುವವನು ಪೆಟ್ಟಿಗೆಯ ಹತ್ತಿರ ಬರಬೇಕು, ಪೆಟ್ಟಿಗೆ ಹಾಡುವವನ ಹತ್ತಿರ ಹೋಗಬಾರದು ಎಂಬುದು ಅವರ ತಂದೆಯ ಕಾಲದಿಂದ ಬಂದ ಕಟ್ಟಲೆ. ರಾಜನ ಪಾತ್ರದ ನಂಜೇಶ, ನಂಜನಗೂಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವನು, ಆ ಶ್ರುತಿಯಲ್ಲಿ ಸಲೀಸಾಗಿ ಓಡಾಡುತ್ತಿದ್ದ. ಶಿವಮಲ್ಲಪ್ಪನಿಗೆ ಮಾತ್ರ ಅದು ಏಣಿ ಹಾಕಿದರೂ ಎಟುಕದು. ದೇವರು ಕೊಟ್ಟ ದನಿಯನ್ನು ಒಳಗೇ ಅದುಮಿಟ್ಟು, ಮೂಗಿನಿಂದ ಯಾರದೋ ಸಣ್ಣ ದನಿ ತೆಗೆದು, ತುದಿಗಾಲಲ್ಲಿ ನಿಂತು ಹಾಡುತ್ತಿದ್ದ. ಎಮ್ಮೆಕೋಣದ ಮೇಲೆ ಬಂದ ಯಮ ಬಾಯಿ ತೆಗೆದರೆ ಮೇಕೆಮರಿ. ಮುಂದಿನ ಸಾಲಿನವರು ನೆಲ ನೋಡಿಕೊಂಡು ನಗುತ್ತಿದ್ದರು.

ಇಷ್ಟಾದರೂ ಅವನು ಬಿಡಲಿಲ್ಲ. ಅವನಿಗೆ ಬೇಕಾಗಿದ್ದುದು ಮೇಷ್ಟ್ರ ಬಾಯಿಂದ ಒಂದು ಭೇಷ್. ಇಪ್ಪತ್ತೆರಡು ವರ್ಷದಲ್ಲಿ ಅದು ಬಂದಿರಲಿಲ್ಲ.

ಮೇಷ್ಟ್ರಿಗೆ ಎಪ್ಪತ್ತೊಂದು. ಕಿವಿ ಅಂದರೆ ಕರಿಯಪ್ಪನವರ ಕಿವಿ ಎಂದು ಎರಡು ತಾಲ್ಲೂಕಿನಲ್ಲಿ ಹೆಸರು; ದೂರದ ಬಸ್ಸಿನ ಹಾರ್ನ್ ಕೇಳಿ ಅದು ಯಾವ ಸ್ವರ ಎಂದು ಹೇಳಿದವರಂತೆ. ಈಚೆಗೆ ಎರಡು ಮೂರು ವರ್ಷದಿಂದ ಅವರ ಶಿಸ್ತು ಇನ್ನೂ ಬಿಗಿಯಾಗಿತ್ತು. ಹಾಡುವವರ ಬಾಯಿಯನ್ನೇ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ಉಚ್ಚಾರದ ತಪ್ಪು ಹಿಡಿಯಲು ಹಾಗೆ ನೋಡುತ್ತಾರೆ ಎಂದು ಎಲ್ಲರೂ ಹೆದರಿಕೊಂಡಿದ್ದರು. ಮಾತೂ ಕಡಿಮೆಯಾಗಿತ್ತು. ಯಾರು ಏನು ಕೇಳಿದರೂ ಶಿವಮಲ್ಲಪ್ಪನ ಕಡೆ ತಿರುಗಿ, ಅದೇನು ಅಂತ ಇಚಾರಿಸ್ಲಾ ಎನ್ನುತ್ತಿದ್ದರು. ದೊಡ್ಡವರ ದೊಡ್ಡಸ್ತಿಕೆ ಎಂದು ಮಂಡಳಿ ಸುಮ್ಮನಿತ್ತು.

ಹೀಗಿರುವಾಗ ಮಾಘದಲ್ಲಿ ಮೂಗೂರಿನ ಶಾಲೆಯ ಬಯಲಿನಲ್ಲಿ ಒಂದು ಆಟ ಗೊತ್ತಾಯಿತು. ರಾತ್ರಿ ಹತ್ತು ಗಂಟೆಯ ಮೇಲೆ ಮೈಕು ಹಾಕಿದರೆ ಪೊಲೀಸರು ಬರುವುದರಿಂದ ಈ ಮಂಡಳಿ ಈಗ ಹಗಲಲ್ಲೇ ಆಡುತ್ತದೆ. ಹಾರ್ಮೋನಿಯಂ ಪೆಟ್ಟಿಗೆಯನ್ನು ಹಾಲಿನ ವ್ಯಾನಿನಲ್ಲಿ ತಂದವನು ಶಿವಮಲ್ಲಪ್ಪನೇ. ಆಟಕ್ಕೆ ಮುಂಚೆ ಪೆಟ್ಟಿಗೆ ಒರೆಸಿ ವಿಭೂತಿ ಹಚ್ಚಿ, ಮುಂದೆ ಒಂದು ನಿಂಬೆಹಣ್ಣು ಇಡುವುದು ಯಮನ ಪಾತ್ರದವನದೇ ಕೆಲಸ. ಪೆಟ್ಟಿಗೆಯ ಸೇವೆ ಮಾಡಿದ ಯಮ ಮಂಡಳಿಯವರ ತಂಟೆಗೆ ಬರುವುದಿಲ್ಲ ಎಂಬ ನಂಬಿಕೆ. ಬೇರೆ ದಿನ ಅವನು ಹೊರಗಷ್ಟೇ ಒರೆಸುತ್ತಿದ್ದ, ಮುಚ್ಚಳ ತೆಗೆಯುತ್ತಿದ್ದುದು ಮೇಷ್ಟ್ರು. ಆವತ್ತು ದಾರಿಯುದ್ದಕ್ಕೂ ರಸ್ತೆ ಕೆಲಸ, ಕೆಂಪು ಧೂಳು ಒಳಗೂ ನುಗ್ಗಿತ್ತು. ಮೇಷ್ಟ್ರು ಕಾಫಿಗೆ ಹೋಗಿದ್ದರು. ಶಿವಮಲ್ಲಪ್ಪ ಮುಚ್ಚಳ ತೆಗೆದ.

ಬೆರಳಿಟ್ಟು ಬಾರಿಸುವ ಕಪ್ಪು ಬಿಳಿ ಮನೆಗಳ ಸಾಲಿನ ಎಡಗಡೆ ಮೂರು ಬೆರಳಿನಷ್ಟು ಜಾಗ ಖಾಲಿ ಕಾಣಿಸಿತು. ವ್ಯಾನಿನ ಕುಲುಕಾಟಕ್ಕೆ ಸರಿದಿರಬೇಕು ಅಂದುಕೊಂಡ. ಡೇರಿಯಲ್ಲಿ ಕ್ಯಾನುಗಳು ಒಂದೇ ಗೆರೆಯಲ್ಲಿ ನಿಲ್ಲದಿದ್ದರೆ ಊಟ ಸೇರದ ಮನುಷ್ಯ ಅವನು. ಪಕ್ಕದಲ್ಲಿದ್ದ ಗುಂಡಿಯನ್ನು ಎತ್ತಿ, ಸಾಲನ್ನು ಎಡಕ್ಕೆ ಒತ್ತರಿಸಿ, ಅಂಚಿಗೆ ಅಂಚು ಕೂರಿಸಿ, ಗುಂಡಿ ಒತ್ತಿದ. ಟಕ್ ಎಂದಿತು. ನೋಡಲು ಬಹಳ ಚೆನ್ನಾಗಿತ್ತು.

ಆಟ ಶುರುವಾಯಿತು. ಮೇಷ್ಟ್ರು ಎಂದಿನ ಮನೆಯನ್ನೇ ಒತ್ತಿದರು. ಆದರೆ ಏನೋ ಎಡವಟ್ಟು. ನಂಜೇಶನ ಮೊದಲ ಹಾಡು ಮೇಲೇಳಲೇ ಇಲ್ಲ, ಗದ್ದದ ಹತ್ತಿರವೇ ಗುಡುಗುಡು ಎಂದಿತು. ಮೈಸೂರಿನಿಂದ ಬಂದ ರಾಣಿ ಮಾನಸ ಎರಡು ಸಲ ಹಾರ್ಮೋನಿಯಂ ಕಡೆ ತಿರುಗಿ ನೋಡಿದಳು. ಮೇಷ್ಟ್ರು ಅವಳ ಬಾಯಿ ನೋಡುತ್ತಾ ಬಾರಿಸುತ್ತಿದ್ದರು. ತಬಲ ಇದ್ದಿದ್ದರೆ ಜಗಳವೇ ಆಗುತ್ತಿತ್ತೇನೋ, ಈಗ ಇರುವುದು ರಿದಂ ಪ್ಯಾಡು, ಅದಕ್ಕೆ ಶ್ರುತಿಯ ಹಂಗಿಲ್ಲ. ನಂಜೇಶ ಪರದೆಯ ಹಿಂದೆ ಬಂದು ಶೀತ ಆಗಿದೆ ಎಂದು ಮೆಣಸು ಅಗಿದ. ಜನ ಕಡಲೆಕಾಯಿ ಸುಲಿಯುವುದರಲ್ಲಿ ಮಗ್ನರಾದರು.

ಮಧ್ಯಾಹ್ನ ಎರಡಕ್ಕೆ ರಾಜ ಸತ್ತ. ಯಮ ಬಂದು ಎಂದಿನಂತೆ ತುದಿಗಾಲಲ್ಲಿ ನಿಂತ. ಮೇಷ್ಟ್ರು ಶ್ರುತಿ ಕೊಟ್ಟರು. ಶಿವಮಲ್ಲಪ್ಪನ ಹಿಮ್ಮಡಿ ತಾನಾಗಿ ನೆಲಕ್ಕಿಳಿಯಿತು. ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹಾಡಿದಷ್ಟು ಸುಲಭವಾಗಿ ಬಾಯಿ ತೆರೆದ.

ಹೋಗುವ ದಾರಿಗೆ ದೀಪವ ಹಿಡಿದವ,
ಕೊಲ್ಲುವನಲ್ಲ ತಾಯೇ ನಾನು.

ಹೊಟ್ಟೆಯಿಂದ ಎದ್ದ ದನಿ ಕಂಬಗಳಿಗೆ ತಾಗಿ, ಹಾಸಿದ ಜಮಖಾನೆಯ ಕೆಳಗಿನಿಂದ ಕೂತವರ ಮೈಗೆ ಹತ್ತಿತು. ಕಡಲೆಕಾಯಿ ಸದ್ದು ನಿಂತಿತು. ಹಾಡು ಮುಗಿದ ಮೇಲೂ ಚಪ್ಪಾಳೆ ಇಲ್ಲ, ಶಿಳ್ಳೆ ಇಲ್ಲ. ಎಲ್ಲ ಕೆಟ್ಟಿತು ಎಂದುಕೊಂಡು ಶಿವಮಲ್ಲಪ್ಪ ಮೀಸೆ ಕಿತ್ತು, ಯಾರಿಗೂ ಮುಖ ತೋರಿಸದೆ ಮನೆಗೆ ಹೋದ.

ಎಂಟು ದಿನದ ಮೇಲೆ ರಮ್ಯ ಫೋನಿನಲ್ಲಿ ಒಂದು ಪತ್ರಿಕೆಯ ಪುಟ ತೋರಿಸಿದಳು. ಹಳ್ಳಿ ನಾಟಕಗಳ ಬಗ್ಗೆ ಮೈಸೂರಿನಲ್ಲಿ ಬರೆಯುವ ನಂದಿತಾ ಎಂಬ ವಿಮರ್ಶಕಿ ಮೂಗೂರಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ. ರಾಜನ ಪಾತ್ರಧಾರಿ ಅಂದು ಬಳಲಿದಂತಿದ್ದರು ಎಂದು ಒಂದೇ ಸಾಲು ಬರೆದು, ಉಳಿದ ಅರ್ಧ ಪುಟ ಯಮನಿಗೇ ಬಿಟ್ಟಿದ್ದರು. ‘ಏರುದನಿಗೆ ಮಾತ್ರ ಚಪ್ಪಾಳೆ ತಟ್ಟಿ ನಾವು ನಮ್ಮ ಕಿವಿಯನ್ನು ಅರ್ಧ ಕಿವುಡು ಮಾಡಿಕೊಂಡಿದ್ದೇವೆ. ಮೂಗೂರಿನ ಬಯಲಿನಲ್ಲಿ ಒಬ್ಬ ಯಮ ಬಂದು ಉಳಿದ ಅರ್ಧವನ್ನು ತೆರೆದ. ಇಂಥ ಮಂದ್ರ ದನಿಯನ್ನು ನಾನು ನಮ್ಮ ರಂಗದಲ್ಲಿ ಕೇಳಿಲ್ಲ. ಆ ದನಿ ಹೆದರಿಸಲಿಲ್ಲ, ಕೈ ಹಿಡಿದು ಕರೆದುಕೊಂಡು ಹೋಗಲು ಬಂದಿತ್ತು. ಅದಕ್ಕಾಗಿ ಇಡೀ ನಾಟಕದ ಶ್ರುತಿಯನ್ನೇ ಇಳಿಸಿದ ಹಿರಿಯ ಹಾರ್ಮೋನಿಯಂ ಮೇಷ್ಟ್ರ ಧೈರ್ಯಕ್ಕೆ ನಮಸ್ಕಾರ’ ಎಂದಿತ್ತು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮೈಸೂರಿನವರು ಮೆಚ್ಚಿದ ಮೇಲೆ ದೇವನೂರಿನ ಹಿತ್ತಲಿಗೂ ಬೆಲೆ ಬಂತು. ಡೇರಿಯ ಮುಂದೆ ಫ್ಲೆಕ್ಸು ಎದ್ದಿತು. ಹಾಲು ಹಾಕಲು ಬಂದವರು ಹಾಲಿನ ಗಟ್ಟಿತನದ ಡಿಗ್ರಿ ನೋಡುವುದು ಬಿಟ್ಟು, ಎರಡು ಸಾಲು ಹಾಡು ಅನ್ನತೊಡಗಿದರು. ನೆರೆಮನೆಯ ದೊಡ್ಡಮ್ಮ, ನನ್ನ ಹಸುವಿಗೆ ಇದು ಮೊದಲೇ ಗೊತ್ತಿತ್ತು ಎಂದಳು. ಶಿವಮಲ್ಲಪ್ಪನಿಗೆ ಹಿಗ್ಗೋ ಹಿಗ್ಗು. ಪತ್ರಿಕೆ ಕೊಂಡು ತಂದು, ಆ ಪುಟವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಇಸ್ತ್ರಿಗೆ ಕೊಡುವಾಗ ಮಾತ್ರ ತೆಗೆಯುತ್ತಿದ್ದ. ಆದರೆ ಮೇಷ್ಟ್ರು ಏನೂ ಅನ್ನಲಿಲ್ಲ. ಫೋನು ಮಾಡಿದರೆ ಅವರ ಹೆಂಡತಿ ಚಾಮುಂಡಮ್ಮ ಎತ್ತಿ, ಓದಿದಾರೆ ಎಂದಷ್ಟೇ ಹೇಳಿ ಇಟ್ಟರು.

ಹೊಗಳಿಕೆಯ ಬಿಸಿ ಆರುವ ಮುಂಚೆಯೇ ನಂಜನಗೂಡಿನ ಸಮುದಾಯ ಭವನದಲ್ಲಿ ಆಟ ಗೊತ್ತಾಯಿತು. ನಂದಿತಾ ಮತ್ತೆ ಬರುತ್ತಾರಂತೆ, ಈ ಸಲ ಕ್ಯಾಮೆರಾ ಸಮೇತ, ಸ್ನೇಹಿತರನ್ನೂ ಕರೆದುಕೊಂಡು. ಅದಕ್ಕೆ ಹತ್ತು ದಿನ ಮುಂಚೆ ತಾಲೀಮು. ಮೇಷ್ಟ್ರು ಮನೆ ಒತ್ತಿದರು, ಶಿವಮಲ್ಲಪ್ಪ ಧೈರ್ಯವಾಗಿ ಬಾಯಿ ತೆಗೆದ, ಬಂದದ್ದು ಅದೇ ಹಳೆಯ ಮೇಕೆಮರಿ. ಮತ್ತೊಂದು ಸಲ ಪ್ರಯತ್ನಪಟ್ಟ. ದನಿ ಸೀಳಿತು. ನಂಜೇಶನ ಮುಖ ಮಾತ್ರ ಬಹಳ ದಿನದ ಮೇಲೆ ಅರಳಿತ್ತು. ಅವನ ಹಾಡು ಚಾವಣಿ ಮುಟ್ಟಿ ಬಂದಿತ್ತು.

ಎಲ್ಲರೂ ಟೀಗೆ ಎದ್ದಾಗ ಶಿವಮಲ್ಲಪ್ಪ ಪೆಟ್ಟಿಗೆ ಒರೆಸಲು ಹೋದ. ಎಡಗಡೆ ಮೂರು ಬೆರಳು ಜಾಗ ಮತ್ತೆ ಖಾಲಿ ಇತ್ತು. ಅವನು ಅತ್ತ ಇತ್ತ ನೋಡಿ, ಗುಂಡಿ ಎತ್ತಿ ಸಾಲನ್ನು ಎಡಕ್ಕೆ ಸರಿಸಿ ಒಂದು ಮನೆ ಒತ್ತಿದ, ಬಲಕ್ಕೆ ಸರಿಸಿ ಅದೇ ಮನೆ ಒತ್ತಿದ. ಎಡಕ್ಕೆ ಸರಿಸಿದರೆ ಶ್ರುತಿ ಇಳಿಯುತ್ತದೆ, ಬಲಕ್ಕೆ ತಂದರೆ ಏರುತ್ತದೆ. ಮೂಗೂರಿನಲ್ಲಿ ಏನಾಯಿತೆಂದು ಅವನಿಗೆ ಆಗ ಅರ್ಥವಾಯಿತು.

ನಂಜೇಶನಿಗೆ ಶೀತವಾಗಿರಲಿಲ್ಲ. ಎರಡು ವಾರ ಪಾಪ ಮೆಣಸಿನ ಕಷಾಯ ಕುಡಿದಿದ್ದ. ಪತ್ರಿಕೆ ಹೊಗಳಿದ ಧೈರ್ಯ ಮೇಷ್ಟ್ರದಾಗಿರಲಿಲ್ಲ. ಅದಕ್ಕಿಂತ ದೊಡ್ಡ ಸಂಗತಿ, ಬಸ್ಸಿನ ಹಾರ್ನಿಗೆ ಸ್ವರ ಹೇಳುವ ಮೇಷ್ಟ್ರು ತಮ್ಮದೇ ಪೆಟ್ಟಿಗೆ ಇಳಿದದ್ದನ್ನು ನಾಲ್ಕು ಗಂಟೆ ಕಾಲ ಗಮನಿಸಿರಲಿಲ್ಲ. ಇದು ಹೊರಗೆ ಬಿದ್ದರೆ ಆ ಮನುಷ್ಯ ತಲೆಯೆತ್ತಿ ತಿರುಗುವುದುಂಟೇ?

ಆ ದಿನದಿಂದ ಅವನ ನೆಮ್ಮದಿ ಕೆಟ್ಟಿತು. ಯಾರಾದರೂ ಹಾರ್ಮೋನಿಯಂ ಎಂದರೆ, ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಂಡವನ ಹಾಗೆ ಬೆಚ್ಚುತ್ತಿದ್ದ. ಒಂದು ಮನಸ್ಸು, ನಂಜನಗೂಡಿನಲ್ಲೂ ಸದ್ದಿಲ್ಲದೆ ಎಡಕ್ಕೆ ಸರಿಸಿಬಿಡು ಅನ್ನುತ್ತಿತ್ತು. ಮೂರು ಬೆರಳಿನ ವಿಷಯ, ಒರೆಸುವವನು ಅವನೇ, ಯಾರು ಕೇಳುತ್ತಾರೆ? ಇನ್ನೊಂದು ಮನಸ್ಸಿಗೆ ನಂಜೇಶನ ಹದಿನಾಲ್ಕು ಹಾಡು ಕಾಣಿಸುತ್ತಿತ್ತು. ಕೊನೆಗೆ ಮಲ್ಲಾಜಮ್ಮನ ಹತ್ತಿರ ಎಲ್ಲ ಹೇಳಿಕೊಂಡ. ಅವಳು ಅವರೆಕಾಯಿ ಸುಲಿಯುತ್ತಾ ಕೇಳಿದಳು.

“ಪೇಪರ್ನೋರು ನಿಮ್ಮನ್ನ ಒಗಳವ್ರೆ, ಸರಿ. ನಿಮಗೆ ಬೇಕಾಗಿದ್ದುದು ಅವರ ಒಗಳಿಕೆನಾ, ಮೇಷ್ಟ್ರುದಾ?” ಎಂದಳು. “ಮೇಷ್ಟ್ರುದಾದ್ರೆ ಅವರತ್ರನೇ ಓಗಿ ನಿಜ ಏಳಿ.”

ಮಾರನೆಯ ದಿನ ಹಾಲಿನ ವ್ಯಾನು ಕಳಿಸಿ, ನರಸೀಪುರದ ಬಸ್ಸು ಹತ್ತಿದ. ಮೇಷ್ಟ್ರು ಜಗಲಿಯ ಮೇಲೆ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತಿದ್ದರು. ಒಳಗಿನಿಂದ ಚಾಮುಂಡಮ್ಮ ಕಾಫಿ ಬೇಕೇ ಎಂದು ಎರಡು ಸಲ ಕೇಳಿದರು. ಮೇಷ್ಟ್ರು ಬೀದಿ ನೋಡುತ್ತಲೇ ಇದ್ದರು. ಶಿವಮಲ್ಲಪ್ಪ ಮೆಟ್ಟಿಲ ಮೇಲೆ ಕೂತು ಹೇಳಿಯೇಬಿಟ್ಟ.

“ಮೇಷ್ಟ್ರೇ, ಮೂಗೂರ್ನಲ್ಲಿ ಪೆಟ್ಗೆ ಮನೆ ಸರ್ಸಿದ್ದು ನಾನು. ಗೊತ್ತಿಲ್ದೆ ಮಾಡ್ದೆ. ಪೇಪರ್ನಲ್ಲಿ ಬಂದಿರೋ ಒಗಳಿಕೆ ಪೂರಾ ಆ ಮೂರು ಬೆರಳಿಂದು. ನಂದಲ್ಲ.”

ಮೇಷ್ಟ್ರು ತಿರುಗಿದರು. “ಗೊತ್ತು ಕಣ್ಲಾ. ಪೆಟ್ಗೆ ಒರೆಸೋನು ನೀನೊಬ್ನೇ. ಮಾರನೇ ದಿನ ನಾನೇ ಇಂದಕ್ಕೆ ಸರ್ಸಿದ್ದು.”

ಹಾಗಾದರೆ ಆಟದ ಹೊತ್ತಿನಲ್ಲೇ ಗೊತ್ತಾಗಿತ್ತೇ ಎಂದು ಶಿವಮಲ್ಲಪ್ಪ ಕೇಳಿದ. ಮೇಷ್ಟ್ರ ಬೆರಳುಗಳು ಮನೆಗಳ ಮೇಲೆ ಸುಮ್ಮನೆ ಓಡಾಡಿದವು.

“ಅವತ್ತು ಗೊತ್ತಾಗ್ನಿಲ್ಲ,” ಎಂದರು. “ಮೂರು ವರ್ಸ ಆಯ್ತು. ನಂಜೇಸ ಬಾಯ್ ತೆಗೀತಾನೆ, ಮುಚ್ತಾನೆ. ಕಾಣುಸ್ತದೆ, ಕೇಳಕಿಲ್ಲ. ಏರುದನಿ, ಸಣ್ಣ ದನಿ ಯಾವುದೂ ಕೇಳಕಿಲ್ಲ. ಬೆರಳು ದಾರಿ ಮರ್ತಿಲ್ಲ, ಅದ್ಕೆ ಬಂಡಿ ನಡೀತಾ ಅದೆ.”

ಶಿವಮಲ್ಲಪ್ಪನಿಗೆ ಆ ನೆಟ್ಟ ನೋಟದ ಗುಟ್ಟು ತಿಳಿಯಿತು. ಯಾರು ಕೇಳಿದರೂ ತನ್ನ ಕಡೆ ತಿರುಗುತ್ತಿದ್ದುದು ದೊಡ್ಡಸ್ತಿಕೆಯಲ್ಲ, ಮಾತಿನಲ್ಲಿ ತನ್ನ ದನಿಯೊಂದೇ ಅವರಿಗೆ ತಲುಪುತ್ತಿತ್ತು ಎಂಬುದೂ ತಿಳಿಯಿತು. ಹಾಡುವಾಗ ಮಾತ್ರ ಅವನು ಆ ದನಿಯನ್ನು ಮೂಗಿನೊಳಗೆ ಬಚ್ಚಿಡುತ್ತಿದ್ದ.

“ಮೂಗೂರ್ನಲ್ಲಿ ಯಮ ಬಂದ,” ಮೇಷ್ಟ್ರು ಹೇಳುತ್ತಿದ್ದರು. “ಮೊದಲ್ನೇ ಸಾಲ್ಗೇ ಕೇಳುಸ್ತು. ಒಂದೊಂದು ಅಕ್ಸರ. ದೇವ್ರು ಕಿವಿ ವಾಪಸ್ ಕೊಟ್ಟ ಅನ್ಕೊಂಡು ಕುಣಿಯಂಗಾಯ್ತು. ಮನೆಗೆ ಬಂದು ಇವಳ್ನ ಮಾತಾಡ್ಸುದ್ರೆ ಮತ್ತೆ ಅದೇ. ಆಮೇಲೆ ಪೆಟ್ಗೆ ತೆಗ್ದು ನೋಡ್ದೆ. ಕಿವಿ ಬಂದಿರ್ನಿಲ್ಲ ಕಣ್ಲಾ. ನಿನ್ ದನಿ ಬಂದಿತ್ತು.”

ಶಿವಮಲ್ಲಪ್ಪನ ಕಣ್ಣು ತುಂಬಿತು. ಮೇಷ್ಟ್ರ ಆ ಮಾತು ಬಿಟ್ಟು ಇನ್ನೇನೂ ಬೇಡ ಅನ್ನಿಸಿತು. ಆದರೂ ಮನುಷ್ಯನ ಆಸೆ ಅಷ್ಟಕ್ಕೆ ನಿಲ್ಲುವುದೇ? ರಾಜನ ಹಾಡು ರಾಜನ ಶ್ರುತಿಯಲ್ಲೇ ಇರಲಿ, ಯಮ ಬರುವ ಹೊತ್ತಿಗೆ ಮಾತ್ರ ಮೂರು ಬೆರಳು ಸರಿಸಬಹುದಲ್ಲ, ಪೆಟ್ಟಿಗೆಗೆ ಆ ಗುಂಡಿ ಇಟ್ಟಿರುವುದೇ ಅದಕ್ಕಲ್ಲವೇ ಎಂದು ಮೆಲ್ಲಗೆ ಕೇಳಿದ. ಮೇಷ್ಟ್ರ ಮುಖ ಗಂಟಿಕ್ಕಿತು. ಅವರ ತಂದೆ ಯಾವ ಹಾಡುಗಾರನಿಗೂ ಶ್ರುತಿ ಬದಲಿಸಿದವರಲ್ಲ. ಸಭೆಯ ಎದುರು ಪೆಟ್ಟಿಗೆ ಸರಿಸುವುದೆಂದರೆ ಅವರ ಲೆಕ್ಕದಲ್ಲಿ ಮೇಷ್ಟ್ರು ಪಾತ್ರಧಾರಿಗೆ ಅಡ್ಡಬಿದ್ದ ಹಾಗೆ. ಪೆಟ್ಟಿಗೆಯ ಮುಚ್ಚಳ ಹಾಕಿ, ಒಳಗೆ ಕೈ ಇಡಬೇಡ ಎಂದು ಎಚ್ಚರಿಸಿ, ನೋಡಾನ ಓಗು ಎಂದರು. ಕಿವಿಯ ವಿಷಯ ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡರು.

ನಂಜನಗೂಡಿನ ಆಟ ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ಭವನ ತುಂಬಿತ್ತು. ಶಿವಮಲ್ಲಪ್ಪ ಪೆಟ್ಟಿಗೆಯ ಹೊರಗಷ್ಟೇ ಒರೆಸಿದ, ವಿಭೂತಿ ಹಚ್ಚಿದ, ನಿಂಬೆಹಣ್ಣು ಇಟ್ಟ. ಮುಚ್ಚಳದ ಮೇಲೆ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಕೈ ತೆಗೆದು ಬಣ್ಣ ಹಚ್ಚಿಕೊಳ್ಳಲು ಹೋದ. ನಂಜೇಶ ಆವತ್ತು ನಂಜೇಶನಂತೆಯೇ ಹಾಡಿದ. ತನ್ನ ಊರು, ತನ್ನ ಗಿರಾಕಿಗಳು, ನಾಲ್ಕು ಒನ್ಸ್ ಮೋರ್. ಪರದೆಯ ಪಕ್ಕದಲ್ಲಿ ನಿಂತ ಶಿವಮಲ್ಲಪ್ಪನಿಗೆ ಅದು ಕೇಳಿ ಸಂತೋಷವೇ ಆಯಿತು. ಮೂರನೆಯ ಸಾಲಿನಲ್ಲಿ ನಂದಿತಾ ಕೂತಿದ್ದರು, ಪಕ್ಕದಲ್ಲಿ ಕ್ಯಾಮೆರಾ. ಇವರ ಮುಂದೆ ಮೇಕೆಮರಿಯಾಗುವುದು ಖಂಡಿತ ಎಂದುಕೊಂಡು ಅವನು ಕಿರೀಟ ಸರಿಮಾಡಿಕೊಂಡ. ಮರ್ಯಾದೆ ಹೋಗುವುದಾದರೆ ತನ್ನದೇ ಹೋಗಲಿ, ಮೇಷ್ಟ್ರದು ಉಳಿಯಲಿ.

ರಾಜ ಸತ್ತ. ರಾಣಿ ಗೋಳಾಡಿದಳು. ಯಮ ರಂಗದ ನಡುವೆ ಬಂದು ನಿಂತು ಶ್ರುತಿಗಾಗಿ ಕಾದ. ಶ್ರುತಿ ಬರಲಿಲ್ಲ.

ಜನ ಹಾರ್ಮೋನಿಯಂ ಕಡೆ ತಿರುಗಿದರು. ಕರಿಯಪ್ಪ ಮೇಷ್ಟ್ರು ತಿದಿಯಿಂದ ಕೈ ತೆಗೆದು, ಶಲ್ಯ ಹಿಂದಕ್ಕೆ ಹಾಕಿ, ಎಲ್ಲರ ಕಣ್ಣೆದುರು ಪಕ್ಕದ ಗುಂಡಿಯನ್ನು ಎತ್ತಿದರು. ಅವಸರವಿಲ್ಲದೆ ಮನೆಗಳ ಸಾಲನ್ನು ಎಡಕ್ಕೆ ಸರಿಸಿದರು, ಅಂಚಿಗೆ ಅಂಚು ಕೂರಿಸಿದರು, ಗುಂಡಿ ಒತ್ತಿದರು. ಮುಂದಿದ್ದ ಮೈಕಿನಲ್ಲಿ ಟಕ್ ಎಂಬ ಸದ್ದು ಇಡೀ ಭವನಕ್ಕೆ ಕೇಳಿಸಿತು. ಸತ್ತು ಬಿದ್ದಿದ್ದ ನಂಜೇಶ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದ. ಮೂಗೂರಿನ ಶೀತ ಎಲ್ಲಿಂದ ಬಂದಿತ್ತೆಂದು ಹೆಣಕ್ಕೂ ಗೊತ್ತಾಗಿಹೋಯಿತು.

ಶ್ರುತಿ ಎದ್ದಿತು, ತಗ್ಗಿನಲ್ಲಿ, ಅವನಿಗೆ ಬೇಕಾದ ಕಡೆಯೇ. ಶಿವಮಲ್ಲಪ್ಪ ಎರಡೂ ಪಾದ ಊರಿ ನಿಂತು ಹಾಡಿದ. ಹೋಗುವ ದಾರಿಗೆ ದೀಪವ ಹಿಡಿದವ. ಸಭೆ ಹೇಗೆ ಕೇಳಿತು, ನಂದಿತಾ ಏನು ಬರೆದುಕೊಂಡರು, ಅವನು ನೋಡಲಿಲ್ಲ. ಅವನು ನೋಡಿದ್ದು ಮೇಷ್ಟ್ರನ್ನು. ಅವರು ಈ ಸಲ ಅವನ ಬಾಯಿಯನ್ನು ನೋಡುತ್ತಿರಲಿಲ್ಲ. ಬೆರಳು ಮನೆಗಳ ಮೇಲಿದ್ದವು, ತಲೆ ಮೆಲ್ಲಗೆ ಆಡುತ್ತಿತ್ತು, ಕಣ್ಣು ಮುಚ್ಚಿತ್ತು.

ಮೇಷ್ಟ್ರ ತಂದೆ ಆ ಹಾಡಿಗೆ ಬರೆದಿದ್ದುದು ಎರಡೇ ಚರಣ. ಶಿವಮಲ್ಲಪ್ಪ ಎರಡನೆಯದನ್ನು ಮುಗಿಸಿದಾಗಲೂ ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಲೇ ಇದ್ದರು. ಅವನು ಮತ್ತೆ ಮೊದಲನೆಯದಕ್ಕೆ ಹೋದ. ಒನ್ಸ್ ಮೋರ್ ಎಂದು ಯಾರೂ ಕೂಗಿರಲಿಲ್ಲ.